ಹೊಟ್ಟೆ ಡಾಕ್ಟರ್ ಆಗೋಕೆ ಇನ್ನೂ ಆರು ವರ್ಷನಾ?

ಪ್ರಶ್ನೆ: ನಾನು ಅರಸೀಕೆರೆ ಕಡೆ ಹೈಸ್ಕೂಲ್ ಟೀಚರ್ ಸರ್. ಮಗಳು ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್‌ನಲ್ಲಿದ್ದಾಳೆ. ಯಾರೋ ಎಂಡೋಸ್ಕೋಪಿ ಮಾಡೋದನ್ನ ನೋಡಿ ಬಂದಾಗಿಂದ ಗ್ಯಾಸ್ಟ್ರೋಎಂಟರಾಲಜಿನೇ ಮಾಡ್ತೀನಿ ಅಂತ ಕೂತಿದ್ದಾಳೆ. ಅವರ ದೊಡ್ಡಪ್ಪ "ಹೊಟ್ಟೆ ಡಾಕ್ಟರ್ ಆಗೋಕೆ ಇನ್ನೂ ಆರು ವರ್ಷನಾ, ಅಷ್ಟರಲ್ಲಿ ಮದುವೆ ಮಾಡಿ ಮೊಮ್ಮಕ್ಕಳನ್ನ ನೋಡಬಹುದು" ಅಂತಾರೆ. ದಾರಿ ಏನು, ಡೊನೇಷನ್ ಕೊಡಬೇಕಾ, ಹೆಣ್ಣುಮಕ್ಕಳಿಗೆ ಆಗೋ ಕೆಲಸನಾ, ಇಂಗ್ಲೆಂಡಿಗೆ ಹೋದ್ರೆ ಬೇಗ ಆಗುತ್ತಾ? ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಮೇಡಂ, ದೊಡ್ಡಪ್ಪನ ಲೆಕ್ಕ ತಪ್ಪೇನಿಲ್ಲ. ಇಂಟರ್ನ್‌ಶಿಪ್ ಆದ್ಮೇಲೆ ನೀಟ್ ಪಿಜಿ, ಆಮೇಲೆ ಎಂಡಿ ಜನರಲ್ ಮೆಡಿಸಿನ್ 3 ವರ್ಷ, ಅದಾದ್ಮೇಲೆ ನೀಟ್ ಎಸ್ಎಸ್ ಅಂತ ಇನ್ನೊಂದು ಎಂಟ್ರೆನ್ಸು, ಆಮೇಲೆ ಡಿಎಂ ಅನ್ನೋ ಸೂಪರ್ ಸ್ಪೆಷಾಲಿಟಿ ಡಿಗ್ರಿ 3 ವರ್ಷ. ಕಾಗದದ ಮೇಲೆ ಆರು, ನಿಜದಲ್ಲಿ ಏಳೆಂಟು, ಯಾಕಂದ್ರೆ ಎರಡು ಎಂಟ್ರೆನ್ಸಿಗೂ ಓದೋ ತಿಂಗಳುಗಳು, ಕೌನ್ಸೆಲಿಂಗ್ ಮುಗಿಯೋಕೆ ಕಾಯೋ ತಿಂಗಳುಗಳು ಯಾರ ಲೆಕ್ಕಕ್ಕೂ ಬರಲ್ಲ. ಹದಿನೆಂಟಕ್ಕೆ ಎಂಬಿಬಿಎಸ್ ಸೇರಿದ ಹುಡುಗಿ ಡಿಎಂ ಮುಗಿಸಿ ಹೊರಗೆ ಬರೋಷ್ಟರಲ್ಲಿ ಮೂವತ್ತೊಂದು ಮೂವತ್ತೆರಡು ಆಗಿರುತ್ತೆ. ಆದ್ರೆ ಅಷ್ಟೂ ವರ್ಷ ಅವಳು ಬೆಂಚ್ ಮೇಲೆ ಕೂತು ನೋಟ್ಸ್ ಬರೀತಿರಲ್ಲ, ವಾರ್ಡಲ್ಲಿ ಕೆಲಸ ಮಾಡ್ತಿರ್ತಾಳೆ, ಸ್ಟೈಪೆಂಡ್ ಬರ್ತಿರುತ್ತೆ, ಎಂಡಿ ಆದ ದಿನಾನೇ ಅವಳು ಪೂರ್ತಿ ಫಿಸಿಷಿಯನ್ನು, ಬೇಡ ಅನ್ನಿಸಿದ್ರೆ ಅಲ್ಲೇ ನಿಲ್ಲಿಸಿ ಅರಸೀಕೆರೆಗೇ ಬಂದು ಕ್ಲಿನಿಕ್ ಇಡಬಹುದು. ಇಷ್ಟನ್ನ ದೊಡ್ಡಪ್ಪನ ಕಿವಿಗೆ ಹಾಕಿ. ಮದುವೆ ವಿಷಯಕ್ಕೆ ನಾನು ಬರಲ್ಲ, ನಮ್ಮ ಸೀನಿಯರ್ ಒಬ್ರು ಆರತಕ್ಷತೆ ಮುಗಿಸಿ ಮಾರನೇ ರಾತ್ರಿನೇ ಡ್ಯೂಟಿಗೆ ಬಂದಿದ್ರು, ಅದು ಮಾದರಿ ಅಂತ ಹೇಳ್ತಿಲ್ಲ.

ಒಂದು ಗೊಂದಲ ಮೊದಲೇ ಬಿಡಿಸ್ತೀನಿ. ಇದು ಆಪರೇಷನ್ ಮಾಡೋ ಡಾಕ್ಟ್ರಾ ಮಾತ್ರೆ ಕೊಡೋ ಡಾಕ್ಟ್ರಾ ಅಂತ ತುಂಬ ಜನ ಕೇಳ್ತಾರೆ. ಎರಡು ಬೇರೆ ಬೇರೆ ದಾರಿ ಇದೆ. ಎಂಎಸ್ ಜನರಲ್ ಸರ್ಜರಿ ಮಾಡಿ ಎಂಸಿಎಚ್ ಮಾಡಿದ್ರೆ ಸರ್ಜಿಕಲ್ ಗ್ಯಾಸ್ಟ್ರೋ, ಅವರು ಹೊಟ್ಟೆ ಕೊಯ್ಯೋರು, ಲಿವರ್ ಕಸಿ ಮಾಡೋರು. ಎಂಡಿ ಮಾಡಿ ಡಿಎಂ ಮಾಡಿದ್ರೆ ಮೆಡಿಕಲ್ ಗ್ಯಾಸ್ಟ್ರೋ, ಅಂದ್ರೆ ನಾವು. ನಾವು ಚಾಕು ಹಿಡಿಯಲ್ಲ, ಆದ್ರೆ ಬರೀ ಮಾತ್ರೆ ಬರೆದು ಕಳಿಸೋರೂ ಅಲ್ಲ. ಪಿತ್ತಕೋಶದಲ್ಲಿ ಕಲ್ಲಿದೆ ಅಂದ್ರೆ ಅದು ಸರ್ಜನ್ ಕೆಲಸ, ಅದೇ ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಾಕ್ಕೊಂಡು ಕಣ್ಣು ಹಳದಿಯಾಗಿ ಚಳಿಜ್ವರ ಬಂದ್ರೆ ನಾವು ಬಾಯಿಂದ ಸ್ಕೋಪ್ ಹಾಕಿ ಇಆರ್‌ಸಿಪಿ ಮಾಡಿ ಕಲ್ಲು ತೆಗೀತೀವಿ, ಮೈಮೇಲೆ ಒಂದು ಗಾಯ ಇರಲ್ಲ. ಮಗಳು ನೋಡಿ ಮೋಹ ಹತ್ತಿಸ್ಕೊಂಡಿರೋದು ಇದಕ್ಕೇ ಅಂತ ಕಾಣುತ್ತೆ. ಲಿವರ್ ಮೇಲೇ ಪ್ರೀತಿ ಇದ್ರೆ ಡಿಎಂ ಹೆಪಟಾಲಜಿ ಅಂತ ಬೇರೆ ಕೋರ್ಸೂ ಇದೆ, ದೆಹಲಿಯ ಐಎಲ್‌ಬಿಎಸ್ ಅದಕ್ಕೆ ಹೆಸರುವಾಸಿ.

ಡೊನೇಷನ್ ಪ್ರಶ್ನೆ. ಪ್ರೈವೇಟ್ ಕಾಲೇಜಾಗಲಿ ಡೀಮ್ಡ್ ಆಗಲಿ, ಡಿಎಂ ಸೀಟು ನೀಟ್ ಎಸ್ಎಸ್ ರ‍್ಯಾಂಕಿನ ಮೇಲೆ ಎಂಸಿಸಿ (ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ) ನಡೆಸೋ ಕೌನ್ಸೆಲಿಂಗ್‌ನಲ್ಲೇ ಸಿಗೋದು. ಪ್ರೈವೇಟಲ್ಲಿ ಫೀಸು ಜಾಸ್ತಿ, ಅದು ನಿಜ, ಆದ್ರೆ ಹಿಂದಿನ ಬಾಗಿಲಿಂದ ಸೀಟ್ ಕೊಡಿಸ್ತೀನಿ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಫೋನ್ ಇಟ್ಬಿಡಿ. ಏಮ್ಸ್, ಚಂಡೀಗಢದ ಪಿಜಿಐ, ಪುದುಚೇರಿಯ ಜಿಪ್ಮರ್ ಇವುಗಳಿಗೆ ಐಎನ್‌ಐ ಎಸ್ಎಸ್ ಅಂತ ಬೇರೆ ಪರೀಕ್ಷೆ, ವರ್ಷಕ್ಕೆ ಎರಡು ಸಲ. ಮೆಡಿಕಲ್ ಕಾಲೇಜ್ ಅಲ್ಲದ ದೊಡ್ಡ ಆಸ್ಪತ್ರೆಗಳಲ್ಲಿ ಡಿಎಂ ಥರದ್ದೇ ಡಿಆರ್‌ಎನ್‌ಬಿ ಅಂತ ಇದೆ, ಅದೂ 3 ವರ್ಷ, ಅದಕ್ಕೂ ನೀಟ್ ಎಸ್ಎಸ್ ರ‍್ಯಾಂಕೇ ಬೇಕು. ಡಿಎಂ ದೊಡ್ಡದು ಡಿಆರ್‌ಎನ್‌ಬಿ ಚಿಕ್ಕದು ಅಂತ ಹಾಸ್ಟೆಲಲ್ಲಿ ಮಾತಾಡ್ಕೊಳ್ತಾರೆ, ತಲೆಗೆ ಹಾಕ್ಕೋಬೇಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಪರೀಕ್ಷೆ ಬಗ್ಗೆ ಒಂದು ಮಾತು, ಇದು ಮಗಳಿಗೆ. 2021ರವರೆಗೆ ನೀಟ್ ಎಸ್ಎಸ್ ಪೇಪರಲ್ಲಿ 60 ಪರ್ಸೆಂಟ್ ಪ್ರಶ್ನೆ ನಾವು ಆರಿಸಿಕೊಂಡ ವಿಷಯದ ಮೇಲೆ, 40 ಪರ್ಸೆಂಟ್ ಎಂಡಿ ವಿಷಯದ ಮೇಲೆ ಬರ್ತಿತ್ತು. ಆ ವರ್ಷ ಪರೀಕ್ಷೆಗೆ ಎರಡೇ ತಿಂಗಳು ಇರೋವಾಗ ಎಲ್ಲಾ ಪ್ರಶ್ನೆನೂ ಎಂಡಿ ವಿಷಯದ್ದೇ ಅಂತ ಬದಲಾಯಿಸೋಕೆ ಹೋದ್ರು, ಹುಡುಗ್ರು ಸುಪ್ರೀಂ ಕೋರ್ಟಿಗೆ ಹೋದ್ರು, ಕೋರ್ಟ್ ಚೆನ್ನಾಗೇ ಝಾಡಿಸ್ತು, ಆ ವರ್ಷ ಹಳೇದೇ ಉಳಿದು 2022ರಿಂದ ಹೊಸದು ಬಂತು. ಅಂದ್ರೆ ಈಗ ಗ್ಯಾಸ್ಟ್ರೋ ಬೇಕು ಅನ್ನೋಳು ಹಾರ್ಟು, ಕಿಡ್ನಿ, ನರ, ಶುಗರು ಎಲ್ಲಾ ಓದ್ಲೇಬೇಕು. 150 ಪ್ರಶ್ನೆ, ತಪ್ಪಿಗೆ ಮೈನಸ್ ಮಾರ್ಕು. ನಂಗೆ ಈ ಬದಲಾವಣೆ ಸರಿ ಅನ್ಸುತ್ತೆ, ಬಹಳ ಜನ ಒಪ್ಪಲ್ಲ. ನಮ್ಮೂರಲ್ಲಿ "ಗ್ಯಾಸ್ಟ್ರಿಕ್" ಅನ್ನೋ ಒಂದು ಪದದಲ್ಲಿ ಎದೆಯಿಂದ ಹೊಕ್ಕಳ ತನಕ ಇರೋ ಎಲ್ಲಾ ಕಾಯಿಲೆನೂ ಬಂದ್ಬಿಡುತ್ತೆ, ಗ್ಯಾಸ್ಟ್ರಿಕ್ಕು ಅಂತ ಈನೋ ಕುಡಿದು ಎಂಡೋಸ್ಕೋಪಿಗೆ ಅಂತ ಬಂದು ಕೂತೋರ ಇಸಿಜಿ ತೆಗೆದ್ರೆ ಹಾರ್ಟ್ ಅಟ್ಯಾಕ್ ಇರುತ್ತೆ. ಮೆಡಿಸಿನ್ ಗಟ್ಟಿ ಇಲ್ದಿರೋ ಹೊಟ್ಟೆ ಡಾಕ್ಟ್ರು ಅಪಾಯ.

ಸೀಟಿಗೆ ಪೈಪೋಟಿ ಜೋರಾಗೇ ಇದೆ. ಬೇರೆ ಕೆಲವು ಸೂಪರ್ ಸ್ಪೆಷಾಲಿಟಿ ಸೀಟುಗಳು ಕೊನೇ ರೌಂಡಾದ್ರೂ ಖಾಲಿ ಉಳಿಯುತ್ವೆ, ಗ್ಯಾಸ್ಟ್ರೋ ಮಾತ್ರ ಮೇಲಿನ ರ‍್ಯಾಂಕಿನೋರೇ ಬಾಚ್ಕೊಂಡು ಹೋಗ್ತಾರೆ. ಅದಕ್ಕೇ ಹೇಳೋದು, ಈಗ ಅವಳ ಮುಂದಿರೋ ಪ್ರಶ್ನೆ ಗ್ಯಾಸ್ಟ್ರೋ ಬೇಕಾ ಅನ್ನೋದಲ್ಲ, ಜನರಲ್ ಮೆಡಿಸಿನ್ ಇಷ್ಟನಾ ಅನ್ನೋದು. ಮೂರು ವರ್ಷ ವಾರ್ಡಲ್ಲಿ ಡೆಂಗಿ, ಸಕ್ಕರೆ ಕಾಯಿಲೆ, ವಿಷ ಕುಡಿದೋರು, ಹಾವು ಕಚ್ಚಿದೋರು ಇವ್ರ ಜೊತೆ ಕಳೀಬೇಕು. ಅದು ಬೇಜಾರು ಅನ್ನೋಳಾದ್ರೆ ಸ್ಕೋಪ್ ಆಸೆಗೆ ಅಂತ ಮೆಡಿಸಿನ್ ತಗೊಳ್ಳೋದು ಬೇಡ.

ಈಗ ಡಿಎಂ ಒಳಗೆ ಏನಾಗುತ್ತೆ ಅಂತ ಹೇಳ್ತೀನಿ, ಇದನ್ನ ಯಾವ ಕೋಚಿಂಗ್‌ನೋರೂ ಹೇಳಲ್ಲ.

ಸ್ಕೋಪ್ ಅಂದ್ರೆ ಕೈಬೆರಳು ದಪ್ಪದ ಕಪ್ಪು ಕೊಳವೆ, ತುದೀಲಿ ಕ್ಯಾಮೆರಾ, ಲೈಟು. ಎಡಗೈಲಿ ಅದರ ತಲೆ ಹಿಡ್ಕೊಂಡು ಹೆಬ್ಬೆರಳಲ್ಲಿ ಎರಡು ಚಕ್ರ ತಿರುಗಿಸ್ಬೇಕು, ದೊಡ್ಡದು ಮೇಲೆ ಕೆಳಗೆ, ಚಿಕ್ಕದು ಎಡಕ್ಕೆ ಬಲಕ್ಕೆ, ತೋರುಬೆರಳಲ್ಲಿ ಒಂದು ಬಟನ್ ಸಕ್ಷನ್‌ಗೆ, ಮಧ್ಯದ ಬೆರಳಲ್ಲಿ ಇನ್ನೊಂದು ಗಾಳಿ ನೀರಿಗೆ, ಬಲಗೈಲಿ ಕೊಳವೆ ತಳ್ಳೋದು, ತಿರುಚೋದು, ಕಣ್ಣು ಮಾತ್ರ ಕೈ ಕಡೆ ಹೋಗಂಗಿಲ್ಲ, ಟಿವಿ ಮೇಲೇ ಇರ್ಬೇಕು. ಮೊದಲ ತಿಂಗಳು ಎಲ್ರೂ ಸೈಕಲ್ ಕಲಿಯೋ ಮಕ್ಕಳೇ. ಜಠರದ ಸ್ಕೋಪು ಬೇಗ ಬರುತ್ತೆ. ಮಲದ್ವಾರದಿಂದ ದೊಡ್ಡಕರುಳಿಗೆ ಹಾಕೋ ಕೊಲೊನೋಸ್ಕೋಪಿ ಹಾಗಲ್ಲ. ದೊಡ್ಡಕರುಳು ನೆಟ್ಟಗಿಲ್ಲ, ಸಿಗ್ಮಾಯ್ಡ್ ಅನ್ನೋ ಜಾಗದಲ್ಲಿ ಸ್ಕೋಪು ಕುಣಿಕೆ ಹಾಕ್ಕೊಂಡ್ಬಿಡುತ್ತೆ, ನೀವು ತಳ್ಳಿದಷ್ಟೂ ಕುಣಿಕೆ ದೊಡ್ಡದಾಗುತ್ತೆ, ಪೇಷೆಂಟ್ ಅಯ್ಯೋ ಅಂತಾರೆ, ಟಿವೀಲಿ ನೋಡಿದ್ರೆ ಇದ್ದಲ್ಲೇ ಇದ್ದೀರಿ. ಆಗ ಮಾಡ್ಬೇಕಾದ್ದು ಉಲ್ಟಾ, ತಿರುಚಿ ಹಿಂದಕ್ಕೆ ಎಳೀಬೇಕು, ಎಳೆದ್ರೆ ಸ್ಕೋಪು ಮುಂದಕ್ಕೆ ಹೋಗುತ್ತೆ! ಲಂಗಕ್ಕೆ ಲಾಡಿ ಪೋಣಿಸೋವಾಗ ಪಿನ್ನಿನ ಮೇಲೆ ಬಟ್ಟೆ ನೆರಿಗೆ ನೆರಿಗೆಯಾಗಿ ಕೂರುತ್ತಲ್ಲ, ಹಂಗೇ ಕರುಳನ್ನ ಸ್ಕೋಪಿನ ಮೇಲೆ ನೆರಿಗೆ ಕೂರಿಸ್ಕೊಂಡು ಹೋಗ್ಬೇಕು. ನಂಗೆ ಇದನ್ನ ಹೇಳ್ಕೊಟ್ಟಿದ್ದು ಪ್ರೊಫೆಸರ್ ಅಲ್ಲ, ಇಪ್ಪತ್ತು ವರ್ಷದಿಂದ ಆ ರೂಮಲ್ಲಿದ್ದ ಟೆಕ್ನಿಷಿಯನ್ ಅಣ್ಣ, "ಸಾರ್ ತಳ್ಬೇಡಿ, ಎಳೀರಿ" ಅಂತ. ಕೊನೇ ತನಕ, ಅಂದ್ರೆ ಸೀಕಮ್ ತನಕ, ನೂರಕ್ಕೆ ತೊಂಬತ್ತು ಸಲನಾದ್ರೂ ಮುಟ್ಟಬೇಕು ಅನ್ನೋದು ಬಹಳ ಕಡೆ ಒಪ್ಪಿರೋ ಕನಿಷ್ಠ ಅಳತೆ, ವಾಪಸ್ ಬರೋವಾಗ ಕಡಿಮೆ ಅಂದ್ರೂ 6 ನಿಮಿಷ ನಿಧಾನಕ್ಕೆ ನೋಡ್ಕೊಂಡು ಬರ್ಬೇಕು, ಯಾಕಂದ್ರೆ ಪಾಲಿಪ್ ಅನ್ನೋ ಸಣ್ಣ ಗಂಟುಗಳು ಹೆಚ್ಚಾಗಿ ಸಿಗೋದು ಹೋಗೋವಾಗ ಅಲ್ಲ, ಬರೋವಾಗ.

ಆದ್ರೆ ಕೈಚಳಕ ಅರ್ಧ ಮಾತ್ರ. ನನ್ನದೇ ಒಂದು ತಪ್ಪು ಹೇಳ್ತೀನಿ. ಡಿಎಂ ಮೊದಲ ವರ್ಷ, ರಾತ್ರಿ ಎರಡು ಗಂಟೆ, ಕುಡಿತದಿಂದ ಲಿವರ್ ಹೋಗಿದ್ದ ಒಬ್ಬರು ಬೇಸಿನ್ ತುಂಬ ರಕ್ತ ವಾಂತಿ ಮಾಡ್ಕೊಂಡು ಬಂದ್ರು. ಅನ್ನನಾಳದ ರಕ್ತನಾಳ ಒಡೆದಿತ್ತು. ಅದಕ್ಕೆ ಸ್ಕೋಪಿಂದ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯೋದು ಆಗ ತಾನೆ ಕಲಿತಿದ್ದೆ, ಕೈ ತುರಿಸ್ತಿತ್ತು ಅನ್ನಿ. ಉಸಿರಾಟದ ನಾಳಕ್ಕೆ ಟ್ಯೂಬ್ ಹಾಕಿಸದೇ, ಅನಸ್ತೀಷಿಯಾದೋರಿಗೆ ಕಾಯದೇ ಸ್ಕೋಪ್ ಇಳಿಸಿದೆ. ಮಧ್ಯದಲ್ಲಿ ಮತ್ತೆ ವಾಂತಿಯಾಗಿ ರಕ್ತ ಶ್ವಾಸಕೋಶಕ್ಕೆ ಹೋಯ್ತು. ಬ್ಯಾಂಡು ಸರಿಯಾಗೇ ಕೂತಿತ್ತು, ರಕ್ತ ನಿಂತಿತ್ತು, ಆದ್ರೆ ಆ ಮನುಷ್ಯ ಹನ್ನೊಂದು ದಿನ ವೆಂಟಿಲೇಟರಲ್ಲಿದ್ರು. ಬದುಕಿದ್ರು, ಪುಣ್ಯ. ಬೆಳಿಗ್ಗೆ ರೌಂಡ್ಸಲ್ಲಿ ನಮ್ಮ ಮೇಡಂ ಬೈಯಲಿಲ್ಲ, ಕೇಸ್ ಶೀಟ್ ಮೇಲೆ ಬೆರಳಿಟ್ಟು "ಆಂಟಿಬಯಾಟಿಕ್ ಯಾವಾಗ ಕೊಟ್ರಿ, ಟರ್ಲಿಪ್ರೆಸಿನ್ ಯಾವಾಗ ಶುರು ಮಾಡಿದ್ರಿ, ಏರ್‌ವೇ ಯಾರು ನೋಡ್ಕೊಂಡ್ರು" ಅಂತ ಮೂರೇ ಪ್ರಶ್ನೆ ಕೇಳಿದ್ರು (ಟರ್ಲಿಪ್ರೆಸಿನ್ ಅಂದ್ರೆ ರಕ್ತಸ್ರಾವ ತಗ್ಗಿಸೋ ಇಂಜೆಕ್ಷನ್, ಏರ್‌ವೇ ಅಂದ್ರೆ ಉಸಿರಿನ ದಾರಿ), ಮೂರಕ್ಕೂ ನನ್ನ ಹತ್ರ ಉತ್ತರ ಇರಲಿಲ್ಲ. ರಕ್ತ ವಾಂತಿ ಕೇಸಲ್ಲಿ ಮೊದಲು ಡ್ರಿಪ್ಪು, ಇಂಜೆಕ್ಷನ್ನು, ಹೀಮೋಗ್ಲೋಬಿನ್ 7ಕ್ಕಿಂತ ಕೆಳಗೆ ಹೋದ್ರೆ ರಕ್ತ, ಅದೂ ಸುಮ್ನೆ ಜಾಸ್ತಿ ಕೊಡಂಗಿಲ್ಲ, ಸಿರೋಸಿಸ್ ಇರೋರಿಗೆ ಜಾಸ್ತಿ ರಕ್ತ ಕೊಟ್ರೆ ಒಳಗೆ ಪ್ರೆಷರ್ ಏರಿ ಮತ್ತೆ ಒಡೆಯುತ್ತೆ. ಪೇಷೆಂಟ್ ಸ್ಥಿರ ಆದ್ಮೇಲೆ 12 ಗಂಟೆ ಒಳಗೆ ಸ್ಕೋಪು. 2020ರಲ್ಲಿ ಹಾಂಗ್‌ಕಾಂಗ್ ಡಾಕ್ಟ್ರುಗಳು ಒಂದು ಅಧ್ಯಯನ ಪ್ರಕಟಿಸಿದ್ರು, ಜೋರಾಗಿ ರಕ್ತಸ್ರಾವ ಆದೋರಿಗೆ 6 ಗಂಟೆ ಒಳಗೇ ಓಡೋಡಿ ಸ್ಕೋಪ್ ಮಾಡಿದ್ರೂ, 6ರಿಂದ 24 ಗಂಟೆ ಒಳಗೆ ಮಾಡಿದ್ದಕ್ಕಿಂತ ಸಾವಿನ ಪ್ರಮಾಣ ಏನೂ ಇಳಿಲಿಲ್ಲ ಅಂತ. ಅದು ಬಂದಾಗ ನಂಗೆ ಆ ಎರಡು ಗಂಟೆ ರಾತ್ರಿನೇ ನೆನಪಾಗಿದ್ದು.

ಪುಸ್ತಕದಲ್ಲಿ ಓದಿ ಬಾರದೇ ಇರೋದು ಇನ್ನೂ ಇದೆ, ಅದೂ ನಮ್ಮ ನೆಲದ್ದೇ. ಬಲಗಡೆ ಕೆಳಹೊಟ್ಟೆ ನೋವು, ತೂಕ ಇಳಿತಾ ಇದೆ, ಸ್ಕೋಪ್ ಹಾಕಿದ್ರೆ ಸಣ್ಣ ಕರುಳು ದೊಡ್ಡ ಕರುಳು ಸೇರೋ ಜಾಗದಲ್ಲಿ ಹುಣ್ಣು. ಅಮೆರಿಕದ ಪುಸ್ತಕ ಕ್ರಾನ್ಸ್ (ವರ್ಷಗಟ್ಟಲೆ ಇರೋ ಕರುಳಿನ ಉರಿಯೂತ) ಅನ್ನುತ್ತೆ, ನಮ್ಮಲ್ಲಿ ಟಿಬಿನೂ ಥೇಟ್ ಅದೇ ಥರ ಕಾಣುತ್ತೆ, ಬಯಾಪ್ಸಿನೂ ಎಷ್ಟೋ ಸಲ ಬಾಯಿ ಬಿಡಲ್ಲ. ಕ್ರಾನ್ಸ್ ಅಂತ ತಿಳ್ಕೊಂಡು ರೋಗನಿರೋಧಕ ಶಕ್ತಿ ಕುಗ್ಗಿಸೋ ಔಷಧಿ ಕೊಟ್ರೆ ಟಿಬಿ ಹರಡುತ್ತೆ, ಟಿಬಿ ಅಂತ ತಿಂಗಳಾನುಗಟ್ಟಲೆ ಮಾತ್ರೆ ಕೊಟ್ರೆ ಕ್ರಾನ್ಸ್ ಬೆಳೆಯುತ್ತೆ. ಇಲ್ಲಿ ತೀರ್ಮಾನ ತಗೊಳ್ಳೋದು ನೂರಾರು ಕೇಸ್ ನೋಡಿರೋ ಸೀನಿಯರ್ ಪಕ್ಕ ನಿಂತೇ ಬರೋದು. ಇಲಿ ಪೇಸ್ಟ್ ತಿಂದೋರು ಇದ್ದಾರೆ, ಅದರಲ್ಲಿರೋ ಹಳದಿ ರಂಜಕ ಮೊದಲ ಎರಡು ದಿನ ಏನೂ ಆಗಿಲ್ಲ ಅನ್ನೋ ಹಂಗೆ ಸುಮ್ನಿದ್ದು ಆಮೇಲೆ ಲಿವರ್ ಪೂರ್ತಿ ತಿಂದ್ಹಾಕುತ್ತೆ, ಮನೆಯೋರು ಹುಷಾರಾದ ಅಂತ ಡಿಸ್ಚಾರ್ಜ್ ಕೇಳ್ತಿರ್ತಾರೆ. ಟಾಯ್ಲೆಟ್ ಕ್ಲೀನರ್ ಆಸಿಡ್ ಕುಡಿದು ಅನ್ನನಾಳ ಕಿರಿದಾದೋರಿಗೆ ತಿಂಗಳು ತಿಂಗಳು ಬಲೂನಲ್ಲಿ ಹಿಗ್ಗಿಸ್ಬೇಕು. ಕಾಮಾಲೆಗೆ ಸೊಪ್ಪಿನ ಔಷಧಿ ತಿಂದು, ಪಥ್ಯ ಅಂತ ಉಪ್ಪು ಬಿಟ್ಟು, ಮೂರನೇ ವಾರ ಮಂಪರಲ್ಲಿ ಬರೋರು ಇನ್ನೂ ಇದ್ದಾರೆ. ಇವರ ಹತ್ರ ಬೈಯದೇ ಮಾತಾಡೋದೂ ಟ್ರೈನಿಂಗೇ, ಅದಕ್ಕೆ ಮಾರ್ಕಿಲ್ಲ.

ಇದೆಲ್ಲದರ ಜೊತೆಗೆ ರಿಸರ್ಚ್ ಕೆಲಸ, ಸೆಮಿನಾರು, ಲಾಗ್‌ಬುಕ್ಕು, ಕೊನೇಲಿ ನಾಲ್ಕು ಥಿಯರಿ ಪೇಪರ್, ಪ್ರಾಕ್ಟಿಕಲ್. ಅದು ಹೆಂಗೋ ಆಗುತ್ತೆ.

ಈಗ ಮುಖ್ಯ ವಿಷಯ, ಎಲ್ಲಿ ಸೇರ್ಬೇಕು. ಕರ್ನಾಟಕದಲ್ಲೇ ಬೆಂಗಳೂರಿನ ಸೇಂಟ್ ಜಾನ್ಸ್, ಮಣಿಪಾಲದ ಕೆಎಂಸಿ ಥರ ಡಿಎಂ ಇರೋ ಹಳೇ ಕಾಲೇಜುಗಳಿವೆ, ಹೊರಗೆ ಹೋದ್ರೆ ವೆಲ್ಲೂರಿನ ಸಿಎಂಸಿ, ಲಕ್ನೋದ ಎಸ್‌ಜಿಪಿಜಿಐ, ಚಂಡೀಗಢ, ದೆಹಲಿ. ಹೈದರಾಬಾದಿನ ಎಐಜಿ ಕಟ್ಟಿದ ನಾಗೇಶ್ವರ ರೆಡ್ಡಿಯವರಿಗೆ 2025ರಲ್ಲಿ ಪದ್ಮವಿಭೂಷಣ ಬಂತು, ಅಲ್ಲಿ ನಡೆಯೋ ಎಂಡೋಸ್ಕೋಪಿ ನೋಡೋಕೆ ಹೊರದೇಶದೋರೂ ಬರ್ತಾರೆ. ಆದ್ರೆ ಹೆಸರು ನೋಡಿ ಸೀಟು ಆರಿಸ್ಬೇಡಿ. ಆ ಜಾಗದಲ್ಲಿ ಈಗ ಎರಡನೇ ವರ್ಷ ಓದ್ತಿರೋ ರೆಸಿಡೆಂಟ್‌ಗೆ ಫೋನ್ ಮಾಡಿ ಕೇಳ್ಬೇಕು: ಸ್ಕೋಪ್ ನಿನ್ನ ಕೈಗೆ ಎಷ್ಟನೇ ತಿಂಗಳಲ್ಲಿ ಬಂತು, ಕೊಲೊನೋಸ್ಕೋಪಿ ಪೂರ್ತಿ ಮಾಡೋಕೆ ಬಿಡ್ತಾರಾ ಇಲ್ಲ ಅರ್ಧಕ್ಕೆ ಕಿತ್ಕೊಂಡು ಕನ್ಸಲ್ಟೆಂಟೇ ಮುಗಿಸ್ತಾರಾ, ರಾತ್ರಿ ಬ್ಲೀಡ್ ಬಂದ್ರೆ ಸೀನಿಯರ್ ಬಂದು ಪಕ್ಕ ನಿಲ್ತಾರಾ ಇಲ್ಲ ಫೋನಲ್ಲೇ ಹೇಳ್ತಾರಾ. ಕೆಲವು ದೊಡ್ಡ ಪ್ರೈವೇಟ್ ಆಸ್ಪತ್ರೇಲಿ ದುಡ್ಡು ಕೊಟ್ಟು ಬಂದ ಪೇಷೆಂಟ್ ಕನ್ಸಲ್ಟೆಂಟ್ ಕೈಯಲ್ಲೇ ಮಾಡಿಸ್ಕೋತಾರೆ, ಹುಡುಗ್ರು ಮೂರು ವರ್ಷ ರಿಪೋರ್ಟ್ ಟೈಪ್ ಮಾಡಿ ಬರ್ತಾರೆ. ಕೆಲವು ಸರ್ಕಾರಿ ಆಸ್ಪತ್ರೇಲಿ ಕೇಸು ರಾಶಿ, ಆದ್ರೆ ಸ್ಕೋಪು ಕೆಟ್ಟು ರಿಪೇರಿಗೆ ಹೋದ್ರೆ ವಾಪಸ್ ಬರೋಕೆ ತಿಂಗಳಾಗುತ್ತೆ. ಡಿಎಂ ಡಿಆರ್‌ಎನ್‌ಬಿ ಭೇದಕ್ಕಿಂತ ಈ ಭೇದ ದೊಡ್ಡದು, ಅದಕ್ಕೇ ಆಗ ತಲೆಗೆ ಹಾಕ್ಕೋಬೇಡಿ ಅಂದಿದ್ದು. ಇಆರ್‌ಸಿಪಿ, ಇಯುಎಸ್ (ಸ್ಕೋಪಿನ ತುದೀಲಿ ಅಲ್ಟ್ರಾಸೌಂಡ್ ಇಟ್ಟು ನೋಡೋದು) ಮಾತ್ರ ಎಷ್ಟೇ ಒಳ್ಳೇ ಜಾಗ ಆದ್ರೂ ಮೂರು ವರ್ಷದಲ್ಲಿ ಕೈಗೆ ಪೂರ್ತಿ ಕೂರೋದು ಕಷ್ಟ, ಇಆರ್‌ಸಿಪಿ ಮಾಡಿದ್ದಕ್ಕೇ ಪ್ಯಾಂಕ್ರಿಯಾಸ್ ಊದ್ಕೊಂಡು ಪೇಷೆಂಟ್ ಸೀರಿಯಸ್ ಆಗೋದಿದೆ, ಅದಕ್ಕೆ ಕಲಿಯೋರ ಕೈಗೆ ಅಷ್ಟು ಸುಲಭಕ್ಕೆ ಕೊಡಲ್ಲ, ಕೊಡಲೂಬಾರದು. ಅದರಲ್ಲಿ ಮುಂದುವರೀಬೇಕು ಅಂದ್ರೆ ಡಿಎಂ ಆದ್ಮೇಲೆ ಇನ್ನೊಂದು ವರ್ಷ ಫೆಲೋಶಿಪ್. ದೊಡ್ಡಪ್ಪನಿಗೆ ಇದನ್ನ ಈಗಲೇ ಹೇಳ್ಬೇಡಿ. ಇನ್ನೊಂದು, ಸೀಟು ತಗೊಂಡು ಸೇರಿದ್ಮೇಲೆ ಬೇಡ ಅಂತ ಬಿಟ್ರೆ ಬಾಂಡ್ ದುಡ್ಡು ಲಕ್ಷಗಟ್ಟಲೆ ಕೇಳ್ತಾರೆ, ಸೇರೋ ಮುಂಚೆ ಬಾಂಡ್ ಕಾಗದ ನೀವೇ ಒಂದ್ಸಲ ಓದಿ, ಟೀಚರ್ ಕಣ್ಣಿಗೆ ಬೇಗ ಬೀಳುತ್ತೆ.

ಹೆಣ್ಣುಮಕ್ಕಳಿಗೆ ಆಗುತ್ತಾ ಅಂದ್ರಿ. ಆಗುತ್ತೆ, ನಂಗೆ ಪಾಠ ಹೇಳಿದ ಮೇಡಂ ಬಗ್ಗೆ ಮೇಲೇ ಬರೆದೆ. ಆದ್ರೆ ಕಷ್ಟ ಇಲ್ಲ ಅಂತ ಸುಳ್ಳು ಹೇಳಲ್ಲ. ಸ್ಕೋಪಿನ ತಲೆ ದೊಡ್ಡ ಕೈಯೋರಿಗೆ ಅಂತ ಮಾಡಿದ ಹಂಗಿದೆ, ಚಿಕ್ಕ ಕೈ ಇರೋರಿಗೆ ಹೆಬ್ಬೆರಳು ಆ ಚಿಕ್ಕ ಚಕ್ರಕ್ಕೆ ಎಟುಕೋದೇ ಇಲ್ಲ, ಎಳೆದು ಎಳೆದು ಹೆಬ್ಬೆರಳ ಬುಡ, ಮಣಿಕಟ್ಟು ನೋಯುತ್ತೆ. ನಮ್ಮ ಹುಡುಗಿ ಒಬ್ಳು ಬಲಗೈನ ಕೊಳವೆ ಮೇಲಿಂದ ತೆಗೆದು ಚಕ್ರ ತಿರುಗಿಸಿ ಮತ್ತೆ ಹಿಡಿಯೋ ಥರ ಅವಳದ್ದೇ ಶೈಲಿ ಮಾಡ್ಕೊಂಡಿದ್ದಾಳೆ, ನೋಡೋಕೆ ವಿಚಿತ್ರ, ಸೀಕಮ್ ಮಾತ್ರ ನನಗಿಂತ ಬೇಗ ಮುಟ್ತಾಳೆ. ಟೇಬಲ್ ಎತ್ತರ, ಟಿವಿ ಎತ್ತರ ತನಗೆ ಬೇಕಾದ ಹಾಗೆ ಇಡಿಸ್ಕೊಳ್ಳೋದನ್ನ ಮೊದಲ ದಿನದಿಂದ ರೂಢಿ ಮಾಡ್ಕೋಬೇಕು, ನಾಚ್ಕೊಂಡ್ರೆ ನಲವತ್ತಕ್ಕೆ ಕತ್ತು ಹೋಗುತ್ತೆ, ಇದು ಗಂಡಸ್ರಿಗೂ ಅನ್ವಯ, ನನ್ನ ಕತ್ತು ಕೇಳಿ. ಎಕ್ಸ್‌ರೇ ಇರೋದು ಇಆರ್‌ಸಿಪಿ ಥರದ ಕೆಲವಕ್ಕೆ ಮಾತ್ರ, ಬಸುರಿ ಇರೋವಾಗ ಆ ಪೋಸ್ಟಿಂಗ್ ಹಿಂದೆ ಮುಂದೆ ಮಾಡಿಸ್ಕೋಬಹುದು, ಮಾಮೂಲಿ ಎಂಡೋಸ್ಕೋಪೀಲಿ ರೇಡಿಯೇಷನ್ ಇಲ್ಲ. ಇನ್ನೊಂದು ಕಡೆಯಿಂದ ನೋಡಿ, ಮಲದಲ್ಲಿ ರಕ್ತ ಹೋಗ್ತಿದ್ರೂ ಗಂಡಸು ಡಾಕ್ಟ್ರ ಹತ್ರ ಹೇಳೋಕೆ ನಾಚಿ ಮೂಲವ್ಯಾಧಿ ಇರ್ಬೇಕು ಅಂತ ವರ್ಷ ತಳ್ಳೋ ಹೆಂಗಸರು ನಮ್ಮ ಕಡೆ ಎಷ್ಟಿಲ್ಲ ಹೇಳಿ. ಓಪಿಡಿ ಬಾಗಿಲಿಗೆ ಒಬ್ಬ ಲೇಡಿ ಡಾಕ್ಟರ್ ಹೆಸರು ಬಿದ್ರೆ ಅವರೆಲ್ಲಾ ಬರ್ತಾರೆ, ಇದನ್ನ ಕಣ್ಣಾರೆ ನೋಡಿದ್ದೀನಿ.

ಇಂಗ್ಲೆಂಡ್ ಬೇಗ ಅಲ್ಲ. ಅಲ್ಲೂ 3 ವರ್ಷ ಇಂಟರ್ನಲ್ ಮೆಡಿಸಿನ್, ಆಮೇಲೆ ಗ್ಯಾಸ್ಟ್ರೋ 4 ವರ್ಷ, 2022ರ ಹೊಸ ಪಠ್ಯಕ್ರಮಕ್ಕೆ ಮುಂಚೆ 5 ಇತ್ತು. ಜೊತೆಗೆ ಅಲ್ಲಿಗೆ ಹೋಗೋಕೆ ಪರೀಕ್ಷೆ, ಟ್ರೈನಿಂಗ್ ಸೀಟಿಗೆ ಪೈಪೋಟಿ. ಅಮೆರಿಕದಲ್ಲಿ 3 ಪ್ಲಸ್ 3, ಆದ್ರೆ ಹೊರಗಿಂದ ಹೋದೋರಿಗೆ ಗ್ಯಾಸ್ಟ್ರೋ ಫೆಲೋಶಿಪ್ ಸಿಗೋದು ತುಂಬಾನೇ ಕಷ್ಟ. ಇಂಗ್ಲೆಂಡಲ್ಲಿ ನಂಗೆ ಹೊಟ್ಟೆಕಿಚ್ಚಾಗೋದು ಒಂದೇ ವಿಷಯಕ್ಕೆ, ಅಲ್ಲಿ ಜ್ಯಾಗ್ ಅನ್ನೋ ವ್ಯವಸ್ಥೆ ಇದೆ, ಕಲಿಯೋರು ಮಾಡಿದ ಪ್ರತಿ ಸ್ಕೋಪೂ ದಾಖಲಾಗಿ, ಪಕ್ಕ ನಿಂತೋರು ಅಂಕ ಕೊಟ್ಟು, ಸರ್ಟಿಫಿಕೇಟ್ ಬರೋ ತನಕ ಒಬ್ರೇ ಸ್ಕೋಪ್ ಮಾಡೋಕೆ ಬಿಡಲ್ಲ, ಡಾಕ್ಟರಾಗಲಿ ನರ್ಸ್ ಆಗಲಿ ಒಂದೇ ನಿಯಮ. ಹೌದು, ಅಲ್ಲಿ ನರ್ಸುಗಳೂ ಟ್ರೈನಿಂಗ್ ತಗೊಂಡು ಎಂಡೋಸ್ಕೋಪಿ ಮಾಡ್ತಾರೆ. ನಮ್ಮ ಲಾಗ್‌ಬುಕ್ಕು ಕೆಲವು ಕಡೆ ಪರೀಕ್ಷೆ ಹಿಂದಿನ ವಾರ ಒಂದೇ ಪೆನ್ನಲ್ಲಿ ತುಂಬಿರುತ್ತೆ, ಇಷ್ಟೇ ಹೇಳ್ತೀನಿ.

ಮಗಳಿಗೆ ಈಗ ಮಾಡೋಕೆ ಹೇಳಿ: ಅವಳ ಆಸ್ಪತ್ರೇಲಿ ಎಂಡೋಸ್ಕೋಪಿ ರೂಮ್ ಇದ್ರೆ ಪೋಸ್ಟಿಂಗ್ ಇಲ್ಲದ ಬೆಳಿಗ್ಗೆ ಪರ್ಮಿಷನ್ ತಗೊಂಡು ಹೋಗಿ ನಿಲ್ಲಲಿ, ಒಂದು ದಿನ ಅಲ್ಲ, ಎರಡು ವಾರ. ಚಂದದ ಕೇಸ್ ನೋಡೋಕಲ್ಲ, ಸ್ಕೋಪ್ ತೊಳೆಯೋದು ಹೆಂಗೆ, ಕರುಳು ಖಾಲಿ ಆಗದೇ ಬಂದ ಪೇಷೆಂಟನ್ನ ವಾಪಸ್ ಕಳಿಸೋದು ಹೆಂಗೆ, ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಹೊರಗೆ ಕೂತಿರೋ ಮಗನಿಗೆ ಹೇಳೋದು ಹೆಂಗೆ, ಇದನ್ನ ನೋಡೋಕೆ. ಟೆಕ್ನಿಷಿಯನ್ ಜೊತೆ ಸ್ನೇಹ ಮಾಡ್ಕೊಳ್ಳಲಿ. ಮತ್ತೆ ತಿಂಡಿ ತಿಂದುಬಿಟ್ಟೇ ಹೋಗೋಕೆ ಹೇಳಿ, ಮೊದಲ ಕೇಸು ಕೊಲೊನೋಸ್ಕೋಪಿ ಆದ್ರೆ ಅದು ನೋಡಿದ್ಮೇಲೆ ಹನ್ನೊಂದು ಗಂಟೆ ತನಕ ಇಡ್ಲಿ ಇಳಿಯಲ್ಲ.